ತಿದ್ದುವ ಬರಹ, ತಪ್ಪದ ಟಿಪ್ಪಣಿ: ಹೊಸಬರಿಗೊಂದು ಪರಿಚಯ

ಮಸ್ಕಿಯ ಅಶೋಕ ಶಾಸನದ ಮೇಲೆ ಟಿಪ್ಪಣಿ ಬರೆದವರಿಗೆಲ್ಲ ಒಂದು ಅನುಕೂಲವಿತ್ತು: ಬಂಡೆ ಕದಲುವುದಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. 1925ರಲ್ಲಿ ಹುಲ್ಟ್ಜ್ ಅಶೋಕನ ಶಾಸನಗಳ ಸಂಪುಟ ತಂದಾಗ ಸಾಲುಗಳಿಗೆ ಸಂಖ್ಯೆ, ವಾಕ್ಯಗಳಿಗೆ ಅಕ್ಷರದ ಗುರುತು ಹಾಕಿದರು. ಹಾಗಾಗಿ ‘ಮಸ್ಕಿ, ಮೊದಲ ಸಾಲು’ ಎಂದು ಅಂದು ಯಾರೋ ಬರೆದ ಅಡಿಟಿಪ್ಪಣಿಯನ್ನು ಇಂದಿಗೂ ಶಾಸನದ ಪಾಠದ ಪಕ್ಕದಲ್ಲಿಟ್ಟು ನೋಡಬಹುದು.

ಕಂಪ್ಯೂಟರಿನಲ್ಲಿರುವ ಬರಹಕ್ಕೆ ಈ ಅನುಕೂಲವಿಲ್ಲ. ಅದನ್ನು ದಿನವೂ ತಿದ್ದುತ್ತೇವೆ. ಹತ್ತನೇ ಸಾಲು ನಾಳೆ ಹದಿಮೂರನೆಯದಾಗುತ್ತದೆ, ನಾಡಿದ್ದು ಇಲ್ಲವಾಗುತ್ತದೆ. ಅಂಥ ಬರಹಕ್ಕೆ ಅಂಟಿಸಿದ ಟಿಪ್ಪಣಿ ತನ್ನ ಜಾಗದಲ್ಲೇ ಉಳಿಯುವುದು ಹೇಗೆ? ಕಾಲೇಜಿನ ಮಕ್ಕಳು, ಊರ ಚರಿತ್ರೆ ಬರೆಯುವ ಗೆಳೆಯರು, ಪಂಚಾಯಿತಿಯಲ್ಲಿ ಠರಾವು ಟೈಪ್ ಮಾಡುವವರು, ಎಲ್ಲರಿಗೂ ಇದು ಬೇಕಾದ ವಿಷಯ. ನಿಧಾನವಾಗಿ ನೋಡೋಣ.

ಟಿಪ್ಪಣಿಯ ಎರಡು ಭಾಗ

ಯಾವ ಟಿಪ್ಪಣಿಯಲ್ಲೂ ಎರಡು ಭಾಗ ಇರುತ್ತವೆ. ಒಂದು, ನೀವು ಹೇಳುವ ಮಾತು: ‘ಈ ವರ್ಷ ಸರಿಯೇ ನೋಡಿ’. ಇನ್ನೊಂದು, ಆ ಮಾತು ಬರಹದ ಯಾವ ಜಾಗಕ್ಕೆ ಸೇರಿದ್ದು ಎಂಬ ವಿಳಾಸ. ಮಾತನ್ನು ನೀವು ಬರೆಯುತ್ತೀರಿ. ವಿಳಾಸವನ್ನು ಸಾಫ್ಟ್‌ವೇರ್ ತಾನೇ ಬರೆದುಕೊಳ್ಳುತ್ತದೆ. ತೊಂದರೆ ಬರುವುದೆಲ್ಲ ಈ ಎರಡನೆಯದರಲ್ಲಿ.

ವಿಳಾಸ ಹೇಳಲು ಎರಡು ದಾರಿಗಳಿವೆ. ‘ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ಎಂಟನೇ ಮನೆ’ ಅನ್ನುವುದು ಒಂದು. ನಡುವೆ ಹೊಸ ಮನೆ ಎದ್ದರೆ ಆ ವಿಳಾಸ ಬೇರೆಯವರ ಬಾಗಿಲಿಗೆ ಕರೆದೊಯ್ಯುತ್ತದೆ. ‘ಹಸಿರು ಬಾಗಿಲಿನ ಮನೆ, ಈ ಕಡೆ ಕಿರಾಣಿ ಅಂಗಡಿ, ಆ ಕಡೆ ಹಿಟ್ಟಿನ ಗಿರಣಿ’ ಅನ್ನುವುದು ಇನ್ನೊಂದು. ಎಷ್ಟು ಮನೆ ಎದ್ದರೂ ಇದು ಹೆಚ್ಚುಕಡಿಮೆ ನಿಲ್ಲುತ್ತದೆ. ಕಂಪ್ಯೂಟರಿನಲ್ಲೂ ಇವೇ ಎರಡು ದಾರಿ: ಎಣಿಕೆ ಮತ್ತು ಉಲ್ಲೇಖ.

ಎಣಿಕೆಯ ವಿಳಾಸ

ಈ ವಾಕ್ಯ ನೋಡಿ: ‘ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೆಳಕಿಗೆ ಬಂತು.’ ಇಲ್ಲಿ ‘ಅಶೋಕ’ ಎಂಬ ಪದಕ್ಕೆ ಟಿಪ್ಪಣಿ ಹಾಕಿದ್ದೀರಿ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪದ 8ನೇ ಸಂಕೇತದಿಂದ 11ನೆಯದರ ತನಕ ಇದೆ. ಈಗ ವಾಕ್ಯದ ಮೊದಲಿಗೆ ಯಾರೋ ‘ರಾಯಚೂರು ಜಿಲ್ಲೆಯ’ ಎಂದು ಸೇರಿಸಿದರು. ಖಾಲಿ ಜಾಗವೂ ಸೇರಿ 16 ಸಂಕೇತ ಮುಂದೆ ಬಂದವು. ‘ಅಶೋಕ’ 24ಕ್ಕೆ ಸರಿಯಿತು. ಹಳೆಯ ಎಣಿಕೆಯನ್ನೇ ನಂಬಿದ ಟಿಪ್ಪಣಿ ಈಗ ‘ಜಿಲ್ಲೆಯ’ ಪದದ ಒಂದು ತುಂಡಿನ ಮೇಲೆ ಕೂತಿರುತ್ತದೆ.

ಇಲ್ಲಿ ‘ಅಕ್ಷರ’ ಎನ್ನದೆ ‘ಸಂಕೇತ’ ಎಂದದ್ದಕ್ಕೆ ಕಾರಣವಿದೆ. ‘ಮಸ್ಕಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ: ಮ, ಸ್ಕಿ. ಯೂನಿಕೋಡಿನಲ್ಲಿ ಅದು ಐದು ಸಂಕೇತ: ಮ, ಸ, ಹಲಂತದ ಗುರುತು, ಕ, ಗುಡಿಸು. ಫೈಲಿನಲ್ಲಿ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ ಮೂರು ಬೈಟು, ಒಟ್ಟು ಹದಿನೈದು. ಎರಡು, ಐದು, ಹದಿನೈದು ಮೂರೂ ಸರಿಯಾದ ಲೆಕ್ಕಗಳೇ. ಒಂದು ಸಾಫ್ಟ್‌ವೇರ್ ಒಂದು ಲೆಕ್ಕದಲ್ಲಿ ಬರೆದ ವಿಳಾಸವನ್ನು ಇನ್ನೊಂದು ಬೇರೆ ಲೆಕ್ಕದಲ್ಲಿ ಓದಿದರೆ, ಬರಹ ತಿದ್ದದಿದ್ದರೂ ಟಿಪ್ಪಣಿ ಜಾಗ ತಪ್ಪುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ‘ಅಶೋಕ’ದ ‘ಶೋ’ದಲ್ಲಿರುವ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಒಂದೇ ಎಂದು ಒಪ್ಪುತ್ತದೆ. ಪರದೆಯ ಮೇಲೆ ವ್ಯತ್ಯಾಸ ಕಾಣದು. ‘ಅಶೋಕ’ ಪದವನ್ನು ಎಣಿಸಿದರೆ ಮಾತ್ರ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಆರು. ಆದ್ದರಿಂದ ಒಳ್ಳೆಯ ಸಾಫ್ಟ್‌ವೇರ್ ಎಣಿಸುವ ಮೊದಲು, ಹೋಲಿಸುವ ಮೊದಲು, ಬರಹವನ್ನು ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ.

ಫೈಲಿನೊಳಗೇ ಗುರುತು

ಎಣಿಕೆಯ ತೊಂದರೆಗೆ ವರ್ಡ್, ಲಿಬ್ರೆಆಫೀಸ್‌ನಂಥವು ಕಂಡುಕೊಂಡ ಪರಿಹಾರ ಸರಳ: ವಿಳಾಸವನ್ನು ಹೊರಗೆ ಬರೆದಿಡುವುದೇ ಬೇಡ, ಬರಹದೊಳಗೇ ಗುರುತು ನೆಡೋಣ. ಈಗಿನ ವರ್ಡ್ ಫೈಲ್ ಹೊರಗೆ ಒಂದಾಗಿ ಕಂಡರೂ ಒಳಗೆ ಹಲವು ಫೈಲುಗಳ ಜಿಪ್ ಕಟ್ಟು. ಮುಖ್ಯ ಬರಹದಲ್ಲಿ ‘ಕಾಮೆಂಟ್ ಇಲ್ಲಿ ಶುರು’, ‘ಇಲ್ಲಿ ಮುಗಿಯಿತು’ ಎಂಬ ಎರಡು ಕಾಣದ ಗುರುತುಗಳಿರುತ್ತವೆ. ಕಾಮೆಂಟಿನ ಮಾತು ಬೇರೊಂದು ಫೈಲಿನಲ್ಲಿ ಅದೇ ನಂಬರಿನಡಿ ಇರುತ್ತದೆ. ಮುಂದೆ ಎಷ್ಟು ಸಾಲು ಸೇರಿಸಿದರೂ ಗುರುತುಗಳು ತಮ್ಮ ಪದದ ಜೊತೆಗೇ ಸಾಗುತ್ತವೆ.

ಇಬ್ಬರು ಒಂದೇ ಹೊತ್ತಿಗೆ ತಿದ್ದುತ್ತಿದ್ದರೆ? ಸಿಂಧನೂರಿನಲ್ಲಿ ಒಬ್ಬರು, ಲಿಂಗಸುಗೂರಿನಲ್ಲಿ ಒಬ್ಬರು ಗೂಗಲ್ ಡಾಕ್ಸ್‌ನಲ್ಲಿ ಒಂದೇ ಬರಹ ತೆರೆದಿದ್ದಾರೆ ಎಂದುಕೊಳ್ಳಿ. ಒಬ್ಬರ ತಿದ್ದುಪಡಿ ಇನ್ನೊಬ್ಬರನ್ನು ತಲುಪುವಷ್ಟರಲ್ಲಿ ಅವರ ಎಣಿಕೆ ಆಗಲೇ ಬದಲಾಗಿರುತ್ತದೆ. ಹಾಗಾಗಿ ಬಂದ ಪ್ರತಿ ತಿದ್ದುಪಡಿಯ ಎಣಿಕೆಯನ್ನು ಮೊದಲು ಸರಿಹೊಂದಿಸಿ, ಆಮೇಲೆ ಬರಹಕ್ಕೆ ಸೇರಿಸುತ್ತಾರೆ. ಎಲ್ಲಿಸ್ ಮತ್ತು ಗಿಬ್ಸ್ 1989ರಲ್ಲಿ ಮುಂದಿಟ್ಟ ಉಪಾಯ ಇದು. ಇತ್ತೀಚಿನ ಇನ್ನೊಂದು ವಿಧಾನದಲ್ಲಿ ಟೈಪ್ ಮಾಡಿದ ಪ್ರತಿ ಸಂಕೇತಕ್ಕೂ ಎಂದೂ ಬದಲಾಗದ ಗುರುತುಸಂಖ್ಯೆ ಕೊಡುತ್ತಾರೆ. ಟಿಪ್ಪಣಿ ಆ ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದೆ.

ಒಳಗಿನ ಗುರುತಿಗೂ ಮಿತಿಯಿದೆ. ಫೈಲಿನ ಪಠ್ಯವನ್ನಷ್ಟೇ ವಾಟ್ಸಾಪಿಗೆ ಅಂಟಿಸಿದರೆ ಗುರುತುಗಳು ಹಿಂದೆಯೇ ಉಳಿಯುತ್ತವೆ. ಪಿಡಿಎಫ್ ಮೇಲೆ ಹಳದಿ ಬಣ್ಣ ಬಳಿದರೆ ಅದು ಕೂರುವುದು ಪದದ ಮೇಲಲ್ಲ, ಪುಟದ ಇಂತಿಷ್ಟು ಅಗಲ ಇಂತಿಷ್ಟು ಎತ್ತರದ ಜಾಗದ ಮೇಲೆ. ಬರಹ ತಿದ್ದಿ ಹೊಸ ಪಿಡಿಎಫ್ ಮಾಡಿದರೆ ಆ ಬಣ್ಣ ಅದಕ್ಕೆ ಬರುವುದಿಲ್ಲ.

ಉಲ್ಲೇಖದ ವಿಳಾಸ

ಬರಹ ನಮ್ಮ ಕೈಯಲ್ಲಿಲ್ಲ, ಅದರೊಳಗೆ ಗುರುತು ನೆಡಲಾಗುವುದಿಲ್ಲ ಎಂದಾಗ ಹಸಿರು ಬಾಗಿಲಿನ ದಾರಿಯೇ ಗತಿ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2017ರ ಫೆಬ್ರುವರಿಯಲ್ಲಿ ಹೊರತಂದ ಟಿಪ್ಪಣಿ ಮಾನಕದಲ್ಲಿ ಇದಕ್ಕೆ ಕ್ರಮವಿದೆ. ಟಿಪ್ಪಣಿಯ ಜೊತೆ ಮೂರು ತುಣುಕು ಇಡಿ: ಗುರುತು ಹಾಕಿದ ಮಾತು ಇದ್ದಂತೆಯೇ, ಅದರ ಹಿಂದಿನ ಕೆಲವು ಪದ, ಮುಂದಿನ ಕೆಲವು ಪದ. ಜೊತೆಗೆ ಎಣಿಕೆಯೂ ಇರಲಿ. ಇವನ್ನು ಬಳಸುವ ಒಂದು ರೀತಿ ಹೀಗೆ: ಬರಹ ಮತ್ತೆ ತೆರೆದಾಗ ಮೊದಲು ಎಣಿಕೆಯ ಜಾಗದಲ್ಲಿ ನೋಡುವುದು. ಅಲ್ಲಿ ಅದೇ ಮಾತು ಇದ್ದರೆ ಕೆಲಸ ಮುಗಿಯಿತು. ಇಲ್ಲದಿದ್ದರೆ ಆ ಮಾತನ್ನು ಇಡೀ ಬರಹದಲ್ಲಿ ಹುಡುಕುವುದು. ಹತ್ತು ಕಡೆ ಸಿಕ್ಕರೆ ಅಕ್ಕಪಕ್ಕದ ಪದಗಳನ್ನು ನೋಡಿ ಒಂದನ್ನು ಆರಿಸುವುದು. ಹೈಪಾಥೆಸಿಸ್ ಎಂಬ ಟಿಪ್ಪಣಿ ಸಾಧನ ಸುಮಾರು ಹೀಗೇ ಕೆಲಸ ಮಾಡುತ್ತದೆ.

ಅಕ್ಕಪಕ್ಕ ಏಕೆ ಬೇಕು? ಮಸ್ಕಿಯ ಬಗೆಗಿನ ಬರಹದಲ್ಲಿ ‘ಶಾಸನ’ ಎಂಬ ಪದ ಪುಟಕ್ಕೆ ಹತ್ತು ಸಲ ಬರುತ್ತದೆ. ‘ಶಾಸನ’ ಎಂದಷ್ಟೇ ನೆನಪಿಟ್ಟ ಟಿಪ್ಪಣಿಗೆ ಅಶೋಕನದು ಯಾವುದು, ನಂತರದ ಕನ್ನಡ ಶಾಸನ ಯಾವುದು ತಿಳಿಯದು.

ಮಾತು ಸ್ವಲ್ಪ ಬದಲಾಗಿದ್ದರೆ? ಒಬ್ಬರು ‘ತಾಲೂಕು’ ಎಂದದ್ದನ್ನು ಇನ್ನೊಬ್ಬರು ‘ತಾಲ್ಲೂಕು’ ಮಾಡುತ್ತಾರೆ. ‘ಲಿಂಗಸುಗೂರು’ ಅಂತೂ ಮೂರು ನಾಲ್ಕು ರೀತಿ ಬರೆಸಿಕೊಳ್ಳುತ್ತದೆ. ‘ಶಾಸನ’ ವಾಕ್ಯ ತಿರುಗಿಸಿದೊಡನೆ ‘ಶಾಸನವನ್ನು’, ‘ಶಾಸನದಲ್ಲಿ’ ಆಗುತ್ತದೆ. ಇಂಥ ಕಡೆ ಅಕ್ಷರಕ್ಕೆ ಅಕ್ಷರ ಹೊಂದಲೇಬೇಕೆಂದು ಹಟ ಹಿಡಿದರೆ ಟಿಪ್ಪಣಿ ಸೋಲುತ್ತದೆ. ಅದಕ್ಕೆ ಎಷ್ಟು ಸಂಕೇತ ಸೇರಿಸಿದರೆ, ತೆಗೆದರೆ, ಬದಲಿಸಿದರೆ ಒಂದು ಮಾತು ಇನ್ನೊಂದಾಗುತ್ತದೆ ಎಂದು ಲೆಕ್ಕ ಹಾಕಿ, ಅಂತರ ಚಿಕ್ಕದಿದ್ದರೆ ಒಪ್ಪಿಕೊಳ್ಳುತ್ತಾರೆ. ‘ತಾಲೂಕು’, ‘ತಾಲ್ಲೂಕು’ ನಡುವಿನ ಅಂತರ ಎರಡೇ ಸಂಕೇತ: ಒಂದು ಹಲಂತ, ಒಂದು ಲ.

ಕನ್ನಡದವರು ಇಲ್ಲಿ ಇನ್ನೆರಡು ಎಚ್ಚರ ಇಟ್ಟುಕೊಳ್ಳಬೇಕು. ಅಂಕಿಗಳಲ್ಲಿ 1915 ಬೇರೆ, ೧೯೧೫ ಬೇರೆ. ಯಂತ್ರಕ್ಕೆ ಇವು ಬೇರೆ ಬೇರೆ ಸಂಕೇತಗಳು. ಎರಡನೆಯದು ‘ನುಡಿ’, ‘ಬರಹ’ ಎಂಬ ಸಾಫ್ಟ್‌ವೇರ್‌ಗಳ ಹಳೆಯ ಆಸ್ಕಿ ಫಾಂಟಿನ ಫೈಲುಗಳು. ಪರದೆಯ ಮೇಲೆ ಕನ್ನಡ ಕಂಡರೂ ಫೈಲಿನೊಳಗೆ ಇರುವುದು ಬೇರೆಯೇ ಸಂಕೇತಗಳು. ಅವನ್ನು ಯೂನಿಕೋಡಿಗೆ ಬದಲಾಯಿಸಿದರೆ ಹಳೆಯ ಎಣಿಕೆಯೂ ಹೊಂದದು, ಹಳೆಯ ಉಲ್ಲೇಖವೂ ಸಿಗದು. ಆದ್ದರಿಂದ ಮೊದಲು ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಟಿಪ್ಪಣಿ ಹಾಕಿ.

ಮಾತೇ ಇಲ್ಲವಾದಾಗ

ಊರ ಚರಿತ್ರೆಯ ಹಳೆಯ ಕರಡಿನಲ್ಲಿ ಈ ವಾಕ್ಯವಿದೆ ಎಂದುಕೊಳ್ಳಿ: ‘ಲಿಂಗಸುಗೂರು ತಾಲೂಕಿನ ಮಸ್ಕಿಯದು ಅಶೋಕನ ಹೆಸರಿರುವ ಏಕೈಕ ಶಾಸನ.’ ಬರೆದ ಕಾಲಕ್ಕೆ ಎರಡು ಮಾತೂ ಸರಿ. ಈಗ ಮಸ್ಕಿಯೇ ತಾಲೂಕು ಕೇಂದ್ರ. ಅಶೋಕನ ಹೆಸರು ಮಧ್ಯಪ್ರದೇಶದ ಗುಜರ್ರಾದಲ್ಲೂ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲೂ ಸಿಕ್ಕಿದೆ. ಒಬ್ಬರು ‘ಏಕೈಕ’ ಪದಕ್ಕೆ ಟಿಪ್ಪಣಿ ಹಾಕುತ್ತಾರೆ: ‘ನಿಟ್ಟೂರು ನೋಡಿ’. ಇನ್ನೊಬ್ಬರು ವಾಕ್ಯವನ್ನೇ ತಿದ್ದುತ್ತಾರೆ: ‘ಮಸ್ಕಿಯದು ಅಶೋಕನ ಹೆಸರು ಕಾಣಿಸಿಕೊಂಡ ಮೊದಲ ಶಾಸನ.’ ‘ಏಕೈಕ’ ಹೋಯಿತು. ಟಿಪ್ಪಣಿ ಎಲ್ಲಿ ಕೂರಬೇಕು?

‘ಮೊದಲ’ ಪದದ ಮೇಲೆಯೇ? ಹಾಗೆ ಕೂರಿಸಿದರೆ ಸರಿಯಾದ ಮಾತನ್ನು ಯಾರೋ ತಪ್ಪೆಂದಂತೆ ಕಾಣುತ್ತದೆ. ಸದ್ದಿಲ್ಲದೆ ಅಳಿಸಿಬಿಡಬೇಕೇ? ಆಗ ತಿದ್ದುಪಡಿಯ ಕಾರಣವೇ ಹೋಗುತ್ತದೆ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಬ್ರಷ್ ಮತ್ತು ಸಂಗಡಿಗರು 2001ರಲ್ಲಿ, ತಿದ್ದಿದ ಬರಹಗಳಲ್ಲಿ ಟಿಪ್ಪಣಿ ಎಲ್ಲಿರಬೇಕೆಂದು ಓದುಗರನ್ನೇ ಕೇಳಿ ನೋಡಿದರು. ಜನ ಗಮನ ಕೊಟ್ಟದ್ದು ಗುರುತು ಹಾಕಿದ ಮಾತಿಗೆ. ಸುತ್ತಲಿನ ಪಠ್ಯಕ್ಕೆ ಅಷ್ಟಾಗಿ ಅಲ್ಲ. ಅಂದರೆ ಅಕ್ಕಪಕ್ಕ ಹುಡುಕಲು ನೆರವಾಗುತ್ತದೆ, ಆದರೆ ಮಾತು ಹೋದ ಮೇಲೆ ನೆರೆಹೊರೆಯಷ್ಟನ್ನೇ ನಂಬಿ ಟಿಪ್ಪಣಿಯನ್ನು ಕೂರಿಸಬಾರದು.

ಸರಿಯಾದ ದಾರಿ ಮೂರನೆಯದು: ಜಾಗ ಕಳೆದುಕೊಂಡ ಟಿಪ್ಪಣಿಯನ್ನು, ಅದು ಹಿಡಿದಿದ್ದ ಹಳೆಯ ಮಾತಿನ ಸಮೇತ, ಬೇರೆ ಪಟ್ಟಿಯಲ್ಲಿ ತೋರಿಸುವುದು. ಹೈಪಾಥೆಸಿಸ್‌ನಲ್ಲಿ ಇವಕ್ಕೆ ಪ್ರತ್ಯೇಕ ವಿಭಾಗವಿದೆ. ಗೂಗಲ್ ಡಾಕ್ಸ್ ಕೂಡ ಪದ ಅಳಿಸಿದರೆ ಕಾಮೆಂಟನ್ನು ಅಂಚಿನಿಂದ ತೆಗೆದು ಕಾಮೆಂಟುಗಳ ಇತಿಹಾಸದಲ್ಲಿ ಉಳಿಸುತ್ತದೆ. ತಪ್ಪು ಜಾಗದಲ್ಲಿ ಧೈರ್ಯವಾಗಿ ನಿಂತ ಟಿಪ್ಪಣಿಗಿಂತ ‘ನನ್ನ ಜಾಗ ಸಿಗುತ್ತಿಲ್ಲ’ ಎಂದು ಹೇಳುವ ಟಿಪ್ಪಣಿ ಮೇಲು.

ನೀವು ಮಾಡಬೇಕಾದ್ದು

ಟಿಪ್ಪಣಿ ಹಾಕುವಾಗ ಒಂದೇ ಪದ ಆರಿಸಬೇಡಿ; ನಾಲ್ಕೈದು ಪದ ಆರಿಸಿ. ಅದರಲ್ಲಿ ಒಂದು ಹೆಸರೋ ವರ್ಷವೋ ಇರಲಿ. ‘ಇದು ತಪ್ಪು’ ಎಂದು ಬಿಡಬೇಡಿ. ‘“ಏಕೈಕ ಶಾಸನ” ಎಂಬುದು ತಪ್ಪು, ನಿಟ್ಟೂರಿನಲ್ಲೂ ಹೆಸರಿದೆ’ ಎಂದು ಪೂರ್ತಿ ಬರೆಯಿರಿ, ಹೆಸರು ಮತ್ತು ತಾರೀಖು ಸೇರಿಸಿ. ಆಗ ಯಂತ್ರ ಸೋತರೂ ಓದುವವರು ಜಾಗ ಕಂಡುಹಿಡಿಯುತ್ತಾರೆ. ಪ್ರತಿ ಮಾಡಿ ಮಾಡಿ ಹಂಚಬೇಡಿ. ಎಲ್ಲರೂ ಒಂದೇ ಫೈಲಿನಲ್ಲಿ ತಿದ್ದಿ. ಅಚ್ಚಿಗೆ ಕೊಡುವ ಮುನ್ನ ಜಾಗ ಕಳೆದುಕೊಂಡ ಟಿಪ್ಪಣಿಗಳ ಪಟ್ಟಿ ತೆರೆದು ಒಂದೊಂದಾಗಿ ನೋಡಿ.

ಕೆಲಸ ಮುಗಿದ ಟಿಪ್ಪಣಿಯನ್ನು ಅಳಿಸದೆ ‘ಬಗೆಹರಿದಿದೆ’ ಎಂದು ಗುರುತು ಮಾಡಿ ಇಡಿ. ಏಕೆಂದರೆ ‘ಅಶೋಕನ ಹೆಸರಿರುವ ಏಕೈಕ ಶಾಸನ’ ಎಂಬ ಮಾತು ಹಳೆಯ ಪುಸ್ತಕಗಳಲ್ಲಿ ಇನ್ನೂ ಇದೆ. ಮುಂದಿನ ವರ್ಷ ಹೊಸಬರೊಬ್ಬರು ಅದನ್ನು ಓದಿ, ಒಳ್ಳೆಯ ಮನಸ್ಸಿನಿಂದಲೇ, ನಿಮ್ಮ ಕರಡಿನ ‘ಮೊದಲ’ವನ್ನು ಮತ್ತೆ ‘ಏಕೈಕ’ ಮಾಡಲು ಹೊರಡುತ್ತಾರೆ. ಅವರಿಗೆ ಉತ್ತರ ಹೇಳಲು ನೀವು ಪಕ್ಕದಲ್ಲಿ ಇರುವುದಿಲ್ಲ, ಟಿಪ್ಪಣಿ ಇರಬೇಕು.