ಗುಟ್ಟು ಎಂಬ ಅಮಾನತು

ಬಾಲಕ ಅನಸ್(ರ) ಮನೆಗೆ ತಡವಾಗಿ ಬಂದರು. ತಾಯಿ ಕಾರಣ ಕೇಳಿದಾಗ, ಪ್ರವಾದಿವರ್ಯರು(ಸ) ಒಂದು ಕೆಲಸಕ್ಕೆ ಕಳುಹಿಸಿದ್ದರೆಂದೂ ಅದು ಗುಟ್ಟೆಂದೂ ಹೇಳಿದರು. ತಾಯಿ ಉಮ್ಮು ಸುಲೈಮ್(ರ) ಕೆದಕಲಿಲ್ಲ. ಅದನ್ನು ಯಾರಿಗೂ ಹೇಳಕೂಡದೆಂದು ತಾಕೀತು ಮಾಡಿದರು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಘಟನೆಯಿದು.

ಗೆಳೆಯನು ನಂಬಿ ಹೇಳಿದ ಮಾತು, ಮನೆಯ ಸಾಲ, ಹೆತ್ತವರ ಜಗಳ ಇವೆಲ್ಲ ಅಮಾನತುಗಳು. ತರಗತಿಯಲ್ಲಿ ಹರಟುವ ವಿಷಯಗಳಲ್ಲ ಎಂದು ಮಕ್ಕಳಿಗೆ ಕಲಿಸೋಣ.

ಆದರೆ ಒಂದನ್ನು ಗಮನಿಸಿರಿ. ತನ್ನನ್ನು ಕಳುಹಿಸಿದವರು ಯಾರೆಂಬುದನ್ನು ಅನಸ್(ರ) ತಾಯಿಯಿಂದ ಬಚ್ಚಿಡಲಿಲ್ಲ. ಮಗುವಿನ ಮೈಮುಟ್ಟಿ, 'ಮನೆಯಲ್ಲಿ ಹೇಳಬೇಡ' ಎಂದು ಬೆದರಿಸುವವನ ಗುಟ್ಟು ಅಮಾನತಲ್ಲ, ಅಕ್ರಮ. ಅವನು ಬಂಧುವಾಗಿರಲಿ, ಅಧ್ಯಾಪಕನಾಗಿರಲಿ, ಮಗು ಕೂಡಲೇ ಹೇಳಬೇಕು. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಹೇಳಿದ ಮಗುವನ್ನು ಗದರದೆ, ಮಾನಕ್ಕಂಜಿ ಬಾಯಿ ಮುಚ್ಚಿಸದೆ ಆಲಿಸುವುದು ಹೆತ್ತವರ ಹೊಣೆ. ಮಗುವೂ ಅಲ್ಲಾಹನು ನಮಗೊಪ್ಪಿಸಿದ ಅಮಾನತಲ್ಲವೇ?