ಸಂಶೋಧನಾ ನಿರ್ದೇಶಕರನ್ನು ಆರಿಸುವಾಗ



ಕೋಲಾರದ ನಿಮ್ಮ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ನಿರ್ದೇಶಕರಾಗಿ ಹೊರಗಿನ ಹೆಸರಾಂತ ವಿಜ್ಞಾನಿಯೋ, ಮುಳಬಾಗಿಲು ಮೂಲದ ನಿಮ್ಮದೇ ಪ್ರಾಧ್ಯಾಪಕರೋ ಎಂದು ಕೇಳಿದ್ದೀರಿ. ಪ್ರಕಟವಾದ ಪ್ರಬಂಧಗಳ ಎಣಿಕೆಯಿಂದ ಇದು ತೀರ್ಮಾನವಾಗದು. ಬರುವವರು ಯಾವ ಪ್ರಶ್ನೆ ಹಿಡಿದು ದುಡಿಯಬೇಕು ಎಂಬುದನ್ನು ಆಯ್ಕೆ ಸಮಿತಿ ಮೊದಲು ಬರೆದಿಡಲಿ.

ಕೋಲಾರದಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ಎರಡನೇ ಹಂತದವರೆಗಷ್ಟೇ ಶುದ್ಧಿಯಾದ ಆ ನೀರು ಅಂತರ್ಜಲಕ್ಕೆ, ಸೊಪ್ಪು ತರಕಾರಿಗೆ, ಹಸುವಿನ ಹಾಲಿಗೆ ಏನು ಮಾಡುತ್ತದೆ? ಇದನ್ನು ವರ್ಷಗಟ್ಟಲೆ, ಊರೂರಿನಲ್ಲಿ ಅಳೆಯಬೇಕು. ಕೊಳವೆಬಾವಿಗಳ ಫ್ಲೋರೈಡ್ ಹಳೆಯ ಸಂಕಟ. ಶ್ರೀನಿವಾಸಪುರದ ಮಾವಿಗೆ ಸಂಸ್ಕರಣೆ ಬೇಕು, ಮಾಲೂರಿನ ಕಾರ್ಖಾನೆಗಳು ವಿಶ್ವವಿದ್ಯಾಲಯಕ್ಕೆ ಹತ್ತಿರವಾಗಬೇಕು.

ಕೋಲಾರದ ಟಮಕದಲ್ಲೇ ವೈದ್ಯಕೀಯ ಕಾಲೇಜೂ ಇದೆ, ತೋಟಗಾರಿಕೆ ಕಾಲೇಜೂ ಇದೆ. ಇಂಥ ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ಯೋಜನೆಗೆ ಸೇರಿಸಿ, ಅನುದಾನ ತಂದು, ಕೆಲಸ ಮುಗಿಸಿದ ಅನುಭವ ಯಾರಿಗಿದೆ? ನನ್ನ ಮಟ್ಟಿಗೆ ಅದೇ ಮುಖ್ಯ ಅರ್ಹತೆ. ಸಂದರ್ಶನಕ್ಕೆ ಮುಂಚೆ ಇಬ್ಬರನ್ನೂ ಒಂದು ಕೆರೆಯಂಗಳಕ್ಕೆ, ಟೊಮೆಟೊ ಮಂಡಿಗೆ ಕರೆದೊಯ್ಯಿರಿ. ರೈತರನ್ನು ಅವರು ಏನು ಕೇಳುತ್ತಾರೆಂದು ಗಮನಿಸಿ. ಬೆಂಗಳೂರಿನಿಂದ ಓಡಾಡುವವರಿಗಿಂತ ಇಲ್ಲೇ ಮನೆ ಮಾಡುವವರಿಗೆ ನಾನು ಒಲಿಯುತ್ತೇನೆ.

ಇನ್ನು ಅಧಿಕಾರದ ಮಾತು. ಪ್ರತಿ ಉಪಕರಣ ಖರೀದಿಗೂ ಕಡತ ಹಿಡಿದು ಅಲೆಯಬೇಕಾದರೆ ಎಂಥ ಸಮರ್ಥರೂ ಬೇಗ ಹೊರಟುಹೋಗುತ್ತಾರೆ. ಪ್ರತ್ಯೇಕ ಆರಂಭಿಕ ನಿಧಿ, ಕುಲಪತಿಗಳಿಗೆ ನೇರ ವರದಿ, ಕನಿಷ್ಠ ಐದು ವರ್ಷದ ಅವಧಿ, ಇವು ಜಾಹೀರಾತಿಗೆ ಮೊದಲೇ ಲಿಖಿತವಾಗಿ ನಿಮ್ಮ ಕೈಸೇರಲಿ.