ಮೈಲೋಮಾ: ‘ಇನ್ನೆಷ್ಟು ದಿನ, ಡಾಕ್ಟ್ರೇ?’

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಬೆನ್ನುನೋವೆಂದು ತಿಂಗಳುಗಟ್ಟಲೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿದರು. ಈಗ ಮಲ್ಟಿಪಲ್ ಮೈಲೋಮಾ ಎಂದು ಗೊತ್ತಾಗಿದೆ. ಕ್ರಿಯಾಟಿನಿನ್ 3.2, ಬೀಟಾ-2 ಮೈಕ್ರೋಗ್ಲಾಬ್ಯುಲಿನ್ 8.1. ರಿಪೋರ್ಟಿನಲ್ಲಿ ‘ಐಎಸ್‌ಎಸ್ ಸ್ಟೇಜ್ 3’ ಎಂದಿದೆ. ಮೊಬೈಲಿನಲ್ಲಿ ನೋಡಿದರೆ 29 ತಿಂಗಳು ಅಂತ ಬಂತು. ಎಲ್ಲ ಕಡೆ ಹರಡಿಬಿಟ್ಟಿದೆಯೇ? ಅಪ್ಪನಿಗೆ ಇದನ್ನು ಹೇಳಬೇಕೇ? ಮುಂದಿನ ವಾರ ಚಿಕಿತ್ಸೆ ಶುರು.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಮೊದಲು ಆ ಮಾತ್ರೆಯ ವಿಷಯ. ಡೈಕ್ಲೊಫೆನಾಕ್ ಜಾತಿಯ ನೋವಿನ ಗುಳಿಗೆ ಮನೆಯಲ್ಲಿ ಇನ್ನೂ ಉಳಿದಿದ್ದರೆ ಎಸೆದುಬಿಡಿ. ಮೈಲೋಮಾದ ಪ್ರೋಟೀನು ಮೊದಲೇ ಕಿಡ್ನಿಯನ್ನು ಹಾಳುಮಾಡುತ್ತಿರುತ್ತದೆ. ಅದರ ಜೊತೆ ಈ ಗುಳಿಗೆಯೂ ಸೇರಿದರೆ ಕೇಳುವುದೇ ಬೇಡ. ನೋವಿಗೆ ಬೇರೆ ಏನು ಕೊಡಬಹುದೆಂದು ನಿಮ್ಮ ವೈದ್ಯರನ್ನು ಕೇಳಿ.

ಇನ್ನು ಸ್ಟೇಜ್. ಮೈಲೋಮಾ ಮೂಳೆಮಜ್ಜೆಯ ಕಾಯಿಲೆ. ಪತ್ತೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಹಲವು ಮೂಳೆಗಳಲ್ಲಿ ಇದ್ದೇ ಇರುತ್ತದೆ. ಆದ್ದರಿಂದ ಇಲ್ಲಿ ಸ್ಟೇಜ್ 3 ಎಂದರೆ ಬೇರೆ ಕ್ಯಾನ್ಸರುಗಳ ಹಾಗೆ ‘ಅಲ್ಲಿಂದ ಇಲ್ಲಿಗೆ ಹಬ್ಬಿದೆ’ ಎಂದಲ್ಲ. ಐಎಸ್‌ಎಸ್ ನೋಡುವುದು ರಕ್ತದ ಎರಡೇ ಅಂಶಗಳನ್ನು. ಬೀಟಾ-2 ಲೀಟರಿಗೆ 3.5 ಮಿಲಿಗ್ರಾಂಗಿಂತ ಕಡಿಮೆ, ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂ ಅಥವಾ ಹೆಚ್ಚು ಇದ್ದರೆ ಸ್ಟೇಜ್ 1. ಬೀಟಾ-2 5.5 ಮುಟ್ಟಿದರೆ ಆಲ್ಬುಮಿನ್ ಎಷ್ಟೇ ಇರಲಿ, ಸ್ಟೇಜ್ 3. ಉಳಿದವರೆಲ್ಲ ಸ್ಟೇಜ್ 2. ಈ ಬೀಟಾ-2 ದೇಹದಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ. ಹಾಗಾಗಿ ತಂದೆಯವರ 8.1ರಲ್ಲಿ ಕಾಯಿಲೆಯ ಪಾಲೆಷ್ಟು, ಸೋತ ಕಿಡ್ನಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹಾಗಂತ ಸುಳ್ಳು ಸಮಾಧಾನವನ್ನೂ ಹೇಳಲಾರೆ. ಕಿಡ್ನಿ ಕೆಟ್ಟಿರುವುದೇ ಒಂದು ಅಪಾಯ. ಮೊದಲ ಕೆಲವು ತಿಂಗಳಲ್ಲಿ ನಾವು ಕಳೆದುಕೊಳ್ಳುವವರಲ್ಲಿ ಹಲವರು ಹೋಗುವುದು ಸೋಂಕಿನಿಂದ, ಇಲ್ಲವೇ ಕಿಡ್ನಿ ವೈಫಲ್ಯದಿಂದ. ಚಿಕಿತ್ಸೆ ಬೇಗ ಶುರುವಾದರೆ ಕಿಡ್ನಿ ಎಷ್ಟೋ ಜನರಲ್ಲಿ ಚೇತರಿಸಿಕೊಳ್ಳುತ್ತದೆ. ಸಾಧ್ಯವಾದರೆ ಮುಂದಿನ ವಾರದವರೆಗೂ ಕಾಯಬೇಡಿ, ನಾಳೆಯೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕ್ರಿಯಾಟಿನಿನ್ ಸಂಖ್ಯೆ ತಿಳಿಸಿ.

ನಿಮ್ಮ ನಿದ್ದೆ ಕೆಡಿಸಿದ 29 ತಿಂಗಳ ಲೆಕ್ಕ ಬಂದದ್ದು 2005ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಿಂದ. ಅದೇ ಅಧ್ಯಯನದಲ್ಲಿ ಸ್ಟೇಜ್ 1ಕ್ಕೆ 62 ತಿಂಗಳು, 2ಕ್ಕೆ 44. ಇವೆಲ್ಲ ಮೀಡಿಯನ್ ಲೆಕ್ಕ. ಮೀಡಿಯನ್ ಎಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದು. ಆ ಹೆಚ್ಚು ಎಷ್ಟೆಂಬುದನ್ನು ಅದು ಹೇಳುವುದಿಲ್ಲ. ಇನ್ನೂ ಮುಖ್ಯವಾದದ್ದು, ಅವರಿಗೆಲ್ಲ ಚಿಕಿತ್ಸೆಯಾದದ್ದು ಹಳೆಯ ಔಷಧಿಗಳ ಕಾಲದಲ್ಲಿ. ಬೋರ್ಟೆಜೊಮಿಬ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 2003ರಲ್ಲಿ. ಮೈಲೋಮಾಕ್ಕೆ ಲೆನಾಲಿಡೊಮೈಡ್ ಬಂದದ್ದು 2006ರಲ್ಲಿ. ಎರಡೂ ಇಂದು ನಮ್ಮಲ್ಲಿ ಜೆನೆರಿಕ್ ಆಗಿ ಸಿಗುತ್ತವೆ. ಆ ಔಷಧಿಗಳನ್ನು ಕಾಣದವರ ಆಯಸ್ಸನ್ನು ತಂದೆಯವರ ಆಯಸ್ಸೆಂದು ಓದಬೇಡಿ.

ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ: ಮೂಳೆಮಜ್ಜೆಯ ಮಾದರಿಯ ಮೇಲೆ ಮಾಡುವ ಫಿಶ್. ಕ್ಯಾನ್ಸರ್ ಕೋಶಗಳಲ್ಲಿ 17ನೇ ವರ್ಣತಂತುವಿನ ತುಂಡು ಕಳೆದಿದೆಯೇ, 4 ಮತ್ತು 14ರ ತುಂಡುಗಳು ಅದಲುಬದಲಾಗಿವೆಯೇ ಎಂದೆಲ್ಲ ಅದು ತೋರಿಸುತ್ತದೆ. ಇವನ್ನೂ ಎಲ್‌ಡಿಎಚ್ ಮಟ್ಟವನ್ನೂ ಸೇರಿಸಿ 2015ರಲ್ಲಿ ಸ್ಟೇಜನ್ನು ಪರಿಷ್ಕರಿಸಿದರು. ಅದರಲ್ಲಿ ಐದು ವರ್ಷದ ನಂತರ ಬದುಕಿದ್ದವರು ಸ್ಟೇಜ್ 1, 2, 3ರಲ್ಲಿ ಕ್ರಮವಾಗಿ ನೂರಕ್ಕೆ 82, 62, 40. 2022ರಲ್ಲಿ 1ನೇ ವರ್ಣತಂತುವಿನ ಹೆಚ್ಚುವರಿ ಪ್ರತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಾಲ್ಕು ಗುಂಪು ಮಾಡಿದ್ದಾರೆ. ಚಿಕಿತ್ಸೆ ಶುರುವಾಗಿ ಮಜ್ಜೆಯಲ್ಲಿ ರೋಗದ ಕೋಶಗಳು ಕರಗಿದ ಮೇಲೆ ಈ ಪರೀಕ್ಷೆಗೆ ಸಾಮಗ್ರಿಯೇ ಸಾಲದು. ಮಾದರಿ ಮೊದಲೇ ಹೋಗಲಿ, ಫಲಿತಾಂಶ ನಿಧಾನವಾಗಿ ಬರಲಿ. ಅದಕ್ಕಾಗಿ ಚಿಕಿತ್ಸೆಯನ್ನು ತಡೆಹಿಡಿಯುವುದು ಬೇಡ.

ಹೇಳಬೇಕೇ ಎಂದಿರಿ. ನಮ್ಮ ಮನೆಗಳಲ್ಲಿ ರೋಗಿಯೊಬ್ಬರನ್ನು ಬಿಟ್ಟು ಬೀದಿಗೆಲ್ಲ ಗೊತ್ತಿರುತ್ತದೆ. ತಂದೆಯವರನ್ನೇ ಕೇಳಿ, ‘ಎಷ್ಟು ತಿಳ್ಕೋಬೇಕು ಅಂತಿದ್ದೀರಪ್ಪ?’ ಎಂದು. ಕಾಯಿಲೆಯ ಹೆಸರು, ಚಿಕಿತ್ಸೆಯ ದಾರಿ ಅವರಿಗೆ ತಿಳಿದಿರಲಿ. ತಿಂಗಳ ಲೆಕ್ಕವನ್ನು ಅವರು ಕೇಳದೆ ಮುಂದಿಡಬೇಡಿ. ಕೇಳಿದರೆ, ಎರಡು ಮೂರು ಸುತ್ತು ಚಿಕಿತ್ಸೆ ಮುಗಿದ ಮೇಲೆ ವೈದ್ಯರ ಎದುರೇ ಮಾತಾಡಿ. ಕಿಡ್ನಿ ಏನಾಯಿತು, ಪ್ರೋಟೀನ್ ಎಷ್ಟು ಇಳಿಯಿತು ಎಂಬುದು ಇವತ್ತಿನ ರಿಪೋರ್ಟಿಗಿಂತ ಹೆಚ್ಚು ಹೇಳುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ 77. ಸ್ಟೇಜ್ 1 ಎಂದರೂ ಔಷಧಿಯ ಡೋಸ್ ಕಡಿಮೆ ಮಾಡಿ, ‘ದೇಹ ತಡೆಯಲ್ಲ’ ಅಂದರು. ಕೈಬಿಟ್ಟಂತೆ ಅಲ್ಲವೇ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಅಲ್ಲ. ಸ್ಟೇಜ್ ಅಳೆಯುವುದು ರೋಗವನ್ನು, ರೋಗಿಯ ತಾಕತ್ತನ್ನಲ್ಲ. ವಯಸ್ಸು, ಸ್ನಾನ, ಉಡುಪು, ಮನೆವಾರ್ತೆಯ ಕೆಲಸಗಳು, ಇತರ ಕಾಯಿಲೆಗಳನ್ನು ಸೇರಿಸಿ ದೌರ್ಬಲ್ಯವನ್ನು ಅಳೆಯುವ ಕ್ರಮ 2015ರಿಂದ ಇದೆ. ಆ ಅಧ್ಯಯನದಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಗಟ್ಟಿಮುಟ್ಟಾದವರಲ್ಲಿ ನೂರಕ್ಕೆ 84, ದುರ್ಬಲರಲ್ಲಿ 57. ದುರ್ಬಲರಿಗೆ ಪೂರ್ತಿ ಡೋಸ್ ಕೊಟ್ಟರೆ ಔಷಧಿಯ ತೊಂದರೆಯಿಂದಲೇ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೆಚ್ಚು. ನಿಮ್ಮ ವೈದ್ಯರು ವಿಚಾರ ಮಾಡಿಯೇ ಕಡಿಮೆ ಮಾಡಿದ್ದಾರೆ.

ಪ್ರಶ್ನೆ: ಅಣ್ಣನ ಫಿಶ್ ರಿಪೋರ್ಟಿನಲ್ಲಿ 4–14 ಅದಲುಬದಲು ಇದೆ. ನಾಲ್ಕು ಸುತ್ತಿನಲ್ಲೇ ಪ್ರೋಟೀನ್ ಮಾಯವಾಗಿದೆ. ಅಪಾಯ ಕಳೆಯಿತೇ? ನಾನೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ?
— ಓದುಗರು, ಧಾರವಾಡ

ಉತ್ತರ: ಅಪಾಯ ಕುಗ್ಗಿದೆ, ಕಳೆದಿಲ್ಲ. ಇಂಥವರಲ್ಲಿ ಕಾಯಿಲೆ ಬೇಗ ಇಳಿದು ಬೇಗ ಮರಳುವುದುಂಟು. ಒಂದೂವರೆ ವರ್ಷದೊಳಗೆ ಮರಳಿದರೆ ಅದು, ಯಾವ ಸ್ಟೇಜಿನವರಿಗಾದರೂ, ಒಳ್ಳೆಯ ಲಕ್ಷಣವಲ್ಲ. ಆದ್ದರಿಂದ ‘ಎಲ್ಲ ನಾರ್ಮಲ್’ ಎಂದು ಮೆಂಟೆನೆನ್ಸ್ ಔಷಧಿ ನಿಲ್ಲಿಸಬಾರದು. ಮೂಳೆಮಜ್ಜೆ ಕಸಿಗೆ ಅವರು ಯೋಗ್ಯರೇ ಎಂದು ಈಗಲೇ ಕೇಳಿ. ಆ ವರ್ಣತಂತುವಿನ ಬದಲಾವಣೆ ಇರುವುದು ಕ್ಯಾನ್ಸರ್ ಕೋಶಗಳಲ್ಲಿ, ನಿಮ್ಮ ವಂಶದಲ್ಲಲ್ಲ. ಒಡಹುಟ್ಟಿದವರಿಗೆ ಮೈಲೋಮಾ ಬರುವ ಸಂಭವ ಇತರರಿಗಿಂತ ತುಸು ಹೆಚ್ಚು, ಆದರೂ ಒಟ್ಟಾರೆ ಅದು ಸಣ್ಣದೇ. ತೊಂದರೆಯಿಲ್ಲದಿದ್ದರೆ ಪರೀಕ್ಷೆಯ ಅಗತ್ಯವಿಲ್ಲ.